ಅರವತ್ತಮೂರು ಮತಪತ್ರಗಳ ಡಬ್ಬಿ

ಮೇ ೮, ಶುಕ್ರವಾರ, ಬೆಳಿಗ್ಗೆ ೮.೨೦. ಬೆಟ್ಟದೂರು ಪ್ರಾದೂಮ್‌ನ ಪೊಲೀಸ್ ಠಾಣೆಯ ಬಾಗಿಲು ತೆರೆದು ಇಪ್ಪತ್ತು ನಿಮಿಷ ಆಗಿತ್ತು. ಎಂಬತ್ತೊಂದು ವರ್ಷದ ಒತ್ತೀಲಿಯಾ ಸ್ಕ್ರೆಮ್ ಒಳಗೆ ಬಂದವರೇ ಯಾರೂ ಹೇಳುವ ಮುಂಚೆ ಕುರ್ಚಿ ಎಳೆದುಕೊಂಡು ಕೂತರು.

"ಬರ್ಕೊಳ್ಳಿ. ನನ್ನ ಡಬ್ಬಿ ಕಳುವಾಗಿದೆ."

"ಅದ್ರಲ್ಲಿ ಏನಿತ್ತು?" ಇನ್‌ಸ್ಪೆಕ್ಟರ್ ಅಸುಂತಾ ಲೊಮೊನಾಕೊ ಕೇಳಿದರು. ದಕ್ಷಿಣದ ಸಮುದ್ರದ ಊರಿನಿಂದ ವರ್ಗವಾಗಿ ಬಂದು ಏಳು ತಿಂಗಳಾಗಿದ್ದರೂ ಅವರಿಗೆ ನಮ್ಮ ಬೆಟ್ಟದ ಚಳಿ ಇನ್ನೂ ಒಗ್ಗಿರಲಿಲ್ಲ.

"ಅರವತ್ಮೂರು ಜನರ ಮತಪತ್ರ."

ಕಾನ್‌ಸ್ಟೇಬಲ್ ಅಲ್ಚೆಯೊ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದ. ಅವನು ಇದೇ ಊರಿನವನು, ಅದರ ಅರ್ಥ ಅವನಿಗೆ ಗೊತ್ತಿತ್ತು. ತೊರೆಗೆ ಕೂರಿಸಿದ ಒಂದೇ ಒಂದು ಟರ್ಬೈನಿನಿಂದ ಶುರುವಾದ ಕಣಿವೆಯ ವಿದ್ಯುತ್ ಕಂಪನಿಗೆ ಇಂದು ಮೂರು ಟರ್ಬೈನು, ಡೇರಿಯ ಚಾವಣಿ ತುಂಬ ಸೌರಫಲಕ, ಬೆಟ್ಟದ ನೆತ್ತಿಯಲ್ಲಿ ನಾಲ್ಕು ಗಾಳಿಯಂತ್ರ ಇವೆ. ಷೇರುದಾರರೆಲ್ಲ ಊರಿನವರೇ. ಈಗ ಮಿಲಾನಿನ ದೊಡ್ಡ ಸಂಸ್ಥೆಯೊಂದು ಎಲ್ಲ ಷೇರನ್ನೂ ದುಪ್ಪಟ್ಟು ಬೆಲೆಗೆ ಕೊಳ್ಳಲು ಮುಂದೆ ಬಂದಿತ್ತು. ಭಾನುವಾರ ಹನ್ನೊಂದಕ್ಕೆ ಸಭೆ. ಸಭೆಗೆ ಬರಲಾಗದವರು ಮತವನ್ನು ಬರೆದು ಸಹಿ ಮಾಡಿ ಕಳಿಸಬೇಕು. ಕಂಪನಿಯ ಕಚೇರಿಗೆ ಕೊಡಬಹುದು, ಆದರೆ ಮೊದಲಿನಿಂದಲೂ ಜನ ಕೊಡುವುದು ಒತ್ತೀಲಿಯಜ್ಜಿಯ ಕೈಗೆ. ಅವುಗಳಲ್ಲಿ ಹೆಚ್ಚಿನವು ಮಾರುವುದು ಬೇಡ ಎನ್ನುವ ಮತಗಳು. ಆ ಪತ್ರಗಳಿಲ್ಲದಿದ್ದರೆ ಮಾರುವವರ ಪಕ್ಷ ಗೆಲ್ಲುವುದು ಖಚಿತವಾಗಿತ್ತು.

"ಷೇರು ಅಂದ್ರೆ ಜೂಜಲ್ವಾ ಅಜ್ಜಿ? ನಮ್ಮ ಚಿಕ್ಕಪ್ಪ ಅದ್ರಲ್ಲೇ ಮುಳುಗಿದ್ದು," ಎಂದರು ಲೊಮೊನಾಕೊ.

"ಜೂಜಾಡೋರು ಸೋಮವಾರ ನಮ್ಮನೆಗೆ ಇಸ್ಪೀಟಿಗೆ ಬರ್ತಾರೆ ಮಗಳೇ. ಇದು ಬೇರೆ. ಮೂವತ್ತೆಂಟು ವರ್ಷದ ಹಿಂದೆ ಡೇರೀಲಿ ಚೀಸ್ ಮಾಡಿದ ಸಂಬಳದಲ್ಲಿ ಹತ್ತು ಷೇರು ತಗೊಂಡೆ. ಪ್ರತಿ ಜೂನ್‌ಗೆ ಬಂದ ಲಾಭಾಂಶದಲ್ಲಿ ಅರ್ಧ ತಿಂದೆ, ಅರ್ಧಕ್ಕೆ ಮತ್ತೆ ಷೇರು ತಗೊಂಡೆ. ಎರಡು ವರ್ಷ ತೊರೆ ಬತ್ತಿ ಬಿಡಿಗಾಸೂ ಬರ್ಲಿಲ್ಲ. ಆಗ್ಲೂ ಯಾರೂ ಮಾರ್ಲಿಲ್ಲ. ಇವತ್ತು ಅದು ನನ್ನ ಪಿಂಚಣಿಗಿಂತ ದೊಡ್ಡದು."

"ಮಾರಿದ್ರೆ ದುಪ್ಪಟ್ಟು ಬರುತ್ತಲ್ಲ?"

"ಒಂದ್ಸಲ ಬರುತ್ತೆ. ನನ್ನ ಮಗ ಅದನ್ನ ಒಂದೇ ವರ್ಷದಲ್ಲಿ ನೀರಿನ ಥರ ಖರ್ಚು ಮಾಡ್ತಾನೆ. ಆಮೇಲೆ ಚಳಿಗಾಲದ ಸೌದೆಗೆ ನಾನು ಅವನ ಬಾಗಿಲಲ್ಲಿ ನಿಲ್ಬೇಕು."

ಎಫ್‌ಐಆರ್ ದಾಖಲಾಯಿತು. ೯.೧೦ಕ್ಕೆ ಅಜ್ಜಿಯ ಮನೆಯಲ್ಲಿ ಸ್ಥಳ ಪರಿಶೀಲನೆ ನಡೆಯಿತು. ಎದುರುಮನೆಯವಳನ್ನೂ ಅಂಚೆಯವನನ್ನೂ ಪಂಚರಾಗಿ ಕರೆದರು. ಬೀಗ ಒಡೆದಿರಲಿಲ್ಲ. ಬೀಗದ ಕೈ ಬಾಗಿಲ ಪಕ್ಕದ ಮೊಳೆಯಲ್ಲೇ ನೇತಾಡುವುದು ಇಡೀ ಊರಿಗೆ ಗೊತ್ತು. ಡಬ್ಬಿ ಇದ್ದದ್ದು ಉಗ್ರಾಣದಲ್ಲಿ, ಮೆಕ್ಕೆಜೋಳದ ಹಿಟ್ಟಿನ ಚೀಲದ ಹಿಂದೆ. ಚೀಲ ಅಲುಗಾಡಿ ನೆಲವೆಲ್ಲ ಹಳದಿ ಹಿಟ್ಟು ಚೆಲ್ಲಿತ್ತು.

"ಕೊನೆಗೆ ಯಾವಾಗ ನೋಡಿದ್ರಿ?"

"ನಿನ್ನೆ ಐದಕ್ಕೆ. ಐದೂವರೆಗೆ ಜಪಮಾಲೆ ಪ್ರಾರ್ಥನೆಗೆ ಹೋದೆ."

ಮೇ ತಿಂಗಳ ಸಂಜೆ ಊರಿಗೆ ಊರೇ ಇಗರ್ಜಿಯಲ್ಲಿರುತ್ತದೆ. ಕಳ್ಳನಿಗೂ ಅದು ಗೊತ್ತಿದ್ದಿರಬೇಕು.

ಹೊರಡುವಾಗ ಲೊಮೊನಾಕೊ ಬಾಗಿಲ ಬಳಿ ನಿಂತರು. ನಮ್ಮಲ್ಲಿ ಹೊರಗಿನ ಬೂಟು ಹಾಕಿಕೊಂಡು ಯಾರೂ ಒಳಗೆ ಕಾಲಿಡುವುದಿಲ್ಲ. ಮನೆಗೆ ಪದೇಪದೇ ಬರುವವರಿಗೆ ಅವರದೇ ಒಂದು ಜೊತೆ ಬಟ್ಟೆಯ ಚಪ್ಪಲಿ ಅಲ್ಲಿರುತ್ತದೆ. ಇಸ್ಪೀಟಿನವರದು ಐದು ಜೊತೆ ಸಾಲಾಗಿದ್ದವು, ಒಂದೊಂದರ ಮೇಲೂ ಬೇರೆ ಬೇರೆ ಹೂವಿನ ಕಸೂತಿ.

"ಇವನ್ನ ಯಾವಾಗ ತೊಳೆದದ್ದು?"

"ಬುಧವಾರ. ನಿನ್ನೆ ಮಧ್ಯಾಹ್ನ ಒಣಗಿದ ಮೇಲೆ ತಂದಿಟ್ಟೆ."

ಇನ್‌ಸ್ಪೆಕ್ಟರ್ ಒಂದೊಂದನ್ನೇ ತಿರುಗಿಸಿದರು. ನಾಲ್ಕು ಜೊತೆಯ ಅಡಿ ಚೊಕ್ಕಟವಾಗಿತ್ತು. ನೀಲಿ ಹೂವಿನ ಜೊತೆಯ ಅಡಿಯಲ್ಲಿ ಹಳದಿ ಹಿಟ್ಟು ಮೆತ್ತಿತ್ತು.

"ಅಲ್ಚೆಯೊ, ಕಳ್ಳತನಕ್ಕೆ ಬಂದವನು ಬೂಟು ಬಿಚ್ಚಿ ಚಪ್ಪಲಿ ಹಾಕ್ಕೊಂಡಿದಾನೆ!"

"ಬಿಚ್ಚದೆ ಇನ್ನೇನು ಮೇಡಂ? ಬೂಟಲ್ಲಿ ಒಳಗೆ ಹೋಗೋಕಾಗುತ್ತಾ?" ಅಲ್ಚೆಯೊ ಗಂಭೀರವಾಗಿಯೇ ಕೇಳಿದ.

"ಇದು ಯಾರದು ಅಜ್ಜಿ?"

ಅಜ್ಜಿ ಏಪ್ರನ್ನಿನ ಅಂಚು ಮಡಿಸುತ್ತ ಕೂತರು. "ನಮ್ಮನೆಗೆ ಬರೋರ ಹೆಸರು ನನ್ನ ಬಾಯಲ್ಲಿ ಬರಲ್ಲ. ಡಬ್ಬಿ ಹುಡುಕಿ ಕೊಡಿ."

ಅಲ್ಚೆಯೊ ನೆಲ ನೋಡುತ್ತ ಹೇಳಿದ, "ದೊರೀನೊ ಮಾವಂದು ಮೇಡಂ."

ದೊರೀನೊ ಪುಂತೆಲ್, ಎಪ್ಪತ್ತನಾಲ್ಕು. ಮೂವತ್ತೊಂದು ವರ್ಷ ಟರ್ಬೈನಿನ ನೀರಿನ ಕಾಲುವೆ ಕಾದವನು. ಮನೆಮನೆ ತಿರುಗಿ ಊರಿಗೆ ಷೇರು ಕೊಳ್ಳುವುದನ್ನು ಕಲಿಸಿದವನೇ ಅವನು. ತೊರೆ ಬತ್ತಿದ ವರ್ಷಗಳಲ್ಲಿ, ಹಿಮ ಕರಗಿಯೇ ಕರಗುತ್ತೆ, ಮಾರಬೇಡಿ ಎಂದು ಜನರ ಕೈ ಹಿಡಿದು ನಿಲ್ಲಿಸಿದ್ದ. ಅಂಥವನು ಈ ಕೆಲಸ ಮಾಡಿದ್ದಾನೆಂದರೆ ಯಾರೂ ನಂಬುವಂತಿರಲಿಲ್ಲ.

೧೧.೪೦. ಅವನು ಮನೆಯ ಮುಂದೆ ಸೌದೆ ಸೀಳುತ್ತಿದ್ದ.

"ನಿನ್ನೆ ಸಂಜೆ ಐದೂವರೆಗೆ ಎಲ್ಲಿದ್ರಿ?"

"ಇಗರ್ಜೀಲಿ."

"ನಾನೂ ಅಲ್ಲೇ ಇದ್ದೆ ಮಾವ," ಅಲ್ಚೆಯೊ ಮೆಲ್ಲಗೆ ಹೇಳಿದ. "ನೀವಿರ್ಲಿಲ್ಲ."

ಲೊಮೊನಾಕೊ ಚಪ್ಪಲಿಯನ್ನು ಕಟ್ಟೆಯ ಮೇಲಿಟ್ಟರು. ದೊರೀನೊ ಅದರ ಅಡಿ ನೋಡಿ ಕೊಡಲಿ ಕೆಳಗಿಟ್ಟ. ಸೌದೆ ರಾಶಿಯ ಹಿಂದಿನಿಂದ ತಾನೇ ಡಬ್ಬಿ ತಂದುಕೊಟ್ಟ. ಎಣಿಸಿದಾಗ ಅರವತ್ತಮೂರೂ ಇದ್ದವು.

"ಮಿಲಾನಿನವರು ಏನಾದ್ರೂ ಕೊಟ್ರಾ?"

"ಅವರ ಮುಖಾನೇ ನೋಡಿಲ್ಲ. ನಂದೊಂದು ಪತ್ರ ವಾಪಸ್ ತಗೊಳ್ಳೋಕೆ ಹೋದೆ. ಹುಡುಕ್ತಾ ಇದ್ದಾಗ ಮೆಟ್ಟಿಲ ಮೇಲೆ ಸದ್ದಾಯ್ತು. ಗಾಬರೀಲಿ ಡಬ್ಬೀನೇ ಎತ್ಕೊಂಡೆ. ಚಪ್ಪಲಿ ಜಾಗಕ್ಕೇ ಇಟ್ಟು, ಬೂಟು ಕೈಲಿ ಹಿಡ್ಕೊಂಡು ಹಿತ್ತಿಲಿಂದ ಇಳಿದೆ."

"ನಿಮ್ಮ ಪತ್ರದಲ್ಲಿ ಏನಿದೆ?"

ದೊರೀನೊ ಡಬ್ಬಿಯ ಮುಚ್ಚಳ ಮುಚ್ಚಿದ. "ಮಾರಿ ಅಂತ ಬರ್ದಿದೀನಿ. ಹೆಂಡತಿ ಬ್ರೂನಾಗೆ ಪಾರ್ಶ್ವವಾಯು. ಪೇಟೆಯ ಆರೈಕೆಮನೆಗೆ ಸೇರಿಸ್ಬೇಕು. ವರ್ಷಕ್ಕೊಂದ್ಸಲ ಬರೋ ಲಾಭಾಂಶ ಅದಕ್ಕೆ ಸಾಲಲ್ಲ."

"ನಿಮ್ಮ ಷೇರು ಮಾತ್ರ ಮಾರಬಹುದಿತ್ತಲ್ಲ?"

"ನಾನೊಬ್ಬನೇ ಮಾರಿದ್ರೆ ಊರಿಗೆಲ್ಲ ಗೊತ್ತಾಗುತ್ತೆ ಮೇಡಂ. ಎಲ್ಲರೂ ಮಾರಿದ್ರೆ ಯಾರಿಗೂ ಗೊತ್ತಾಗಲ್ಲ. ಬರೆದು ಕೊಟ್ಟೆ. ಆಮೇಲೆ ಒತ್ತೀಲಿಯಾ ಸಭೇಲಿ ಹೆಸರು ಹೇಳಿ ಓದ್ತಾಳಲ್ಲ ಅಂತ ನೆನಪಾಗಿ ನಿದ್ದೆ ಬರ್ಲಿಲ್ಲ."

೧೨.೧೫ಕ್ಕೆ ಬಂಧನ ದಾಖಲಾಯಿತು. ಡಬ್ಬಿಯ ಮಹಜರು ಬರೆದು ಸಹಿ ಪಡೆದು ಅಜ್ಜಿಗೆ ಒಪ್ಪಿಸಲು ಠಾಣೆಗೆ ಕರೆಸಿದರು. ಅಜ್ಜಿ ಬಂದವರೇ ದೊರೀನೊನ ಎದುರು ಕೂತರು.

"ಪೆದ್ದ, ನೀನು ಕೊಟ್ಟ ದಿನಾನೇ ಓದಿದ್ದೆ. ಸಹಿ ಮರ್ತಿದೀಯೇನೋ ಅಂತ ತೆಗೆದು ನೋಡಿದೆ."

ದೊರೀನೊ ತಲೆ ಎತ್ತಲಿಲ್ಲ. "ಮತ್ತೆ ಯಾಕೆ ಏನೂ ಅನ್ಲಿಲ್ಲ?"

"ನಿನ್ನ ಹೆಂಡತಿ, ನಿನ್ನ ಷೇರು. ನಾನೇನು ಅನ್ನೋದು? ಭಾನುವಾರ ಎಲ್ಲರ ಮುಂದೆ ಓದ್ಬೇಕು, ಅದು ನಿಯಮ. ಬೇಕಿದ್ರೆ ಈಗ್ಲೇ ಬದಲಾಯ್ಸು."

"ಬೇಡ," ಎಂದ ದೊರೀನೊ. "ಬರೆದದ್ದನ್ನೇ ಓದು."

ಮೇ ೧೦, ಭಾನುವಾರ. ಡೇರಿಯ ಹಳೇ ಹಾಲ್ ಕಿಕ್ಕಿರಿದಿತ್ತು. ಜಾಮೀನಿನ ಮೇಲೆ ಬಂದ ದೊರೀನೊ ಬಾಗಿಲ ಬಳಿ ನಿಂತಿದ್ದ, ಅವನ ಪಕ್ಕದಲ್ಲಿ ಲೊಮೊನಾಕೊ. ಅಜ್ಜಿ ಒಂದೊಂದೇ ಪತ್ರ ಓದಿದರು. ಮಾರುವುದು ಬೇಡ, ಬೇಡ, ಬೇಡ. ಕೊನೆಯದನ್ನೂ ಅದೇ ದನಿಯಲ್ಲಿ ಓದಿದರು.

"ದೊರೀನೊ ಪುಂತೆಲ್. ಮಾರೋಣ."

ತಲೆಗಳೆಲ್ಲ ಬಾಗಿಲ ಕಡೆ ತಿರುಗಿದವು. ಪ್ರಸ್ತಾಪ ಬಿದ್ದುಹೋಯಿತು ಎಂದು ಅಧ್ಯಕ್ಷರು ಘೋಷಿಸಿದರು. ಆದರೆ ಅಜ್ಜಿ ಕೂರಲಿಲ್ಲ.

"ಬ್ರೂನಾಗೆ ಹುಷಾರಿಲ್ಲ, ಅವಳ ಗಂಡ ಷೇರು ಮಾರ್ಬೇಕು. ಮಿಲಾನಿನವರು ಹೇಳಿದ ಬೆಲೆಗೇ ಐದು ಷೇರು ನಾನು ತಗೊಳ್ತೀನಿ. ಇನ್ಯಾರು?"

ಮೊದಲು ಒಂದು ಕೈ ಮೇಲೆದ್ದಿತು. ಆಮೇಲೆ ಸಾಲುಸಾಲಾಗಿ ಎದ್ದವು, ಎಣಿಸುವವನಿಗೆ ಲೆಕ್ಕ ತಪ್ಪುವಷ್ಟು. ದೊರೀನೊ ಗೋಡೆ ಹಿಡಿದು ನಿಂತು ಅಳುತ್ತಿದ್ದ. ಷೇರು ಕೊಳ್ಳಲು ಈ ಜನಕ್ಕೆ ಹೇಳಿಕೊಟ್ಟವನು ಅವನೇ.

ಸೋಮವಾರ ಲೊಮೊನಾಕೊ ಆರೋಪಪಟ್ಟಿ ಬರೆದರು. ಅಪರಾಧದ ಉದ್ದೇಶ ಎಂಬಲ್ಲಿ ಅಲ್ಚೆಯೊ ಮೊದಲೇ ಲಾಭ ಎಂದು ತುಂಬಿಸಿದ್ದ. ಅವರು ಅದನ್ನು ಹೊಡೆದುಹಾಕಿ, ನಾಚಿಕೆ ಎಂದು ಬರೆದು ಸಹಿ ಹಾಕಿದರು.