ಮಾಹಾನಳ ಸೌಟು ಕಾಣೆಯಾದ ಹಬ್ಬ

ಹಬ್ಬದ ಬೆಳಿಗ್ಗೆ ಮಾಹಾನ್ ನಮ್ಮ ಅಂಗಳಕ್ಕೆ ಬಂದು ನಿಂತಳು. "ದ್ರೊಲೆಯಕ್ಕ, ನನ್ನ ಸೌಟು ಕಳುವಾಗಿದೆ. ಸೊನ್ಲೆಯದೇ ಕೆಲಸ, ಬೇರೆ ಯಾರದಿರುತ್ತೆ?"

ಊರಿನ ಹೆಂಗಸರಲ್ಲೆಲ್ಲ ಕೈಬಿಚ್ಚಿ ಬಡಿಸುವವಳಿಗೆ ಮಾತ್ರ ಸಿಗುವ ಮರದ ಸೌಟು ಅದು. ತೋಳುದ್ದ, ಹಿಡಿಯ ಜಾಗದಲ್ಲಿ ಹೆಣ್ಣಿನ ಎರಡು ಕಾಲು ಕೆತ್ತಿದ್ದು. ಇಪ್ಪತ್ತು ವರ್ಷದಿಂದ ಹಬ್ಬದಲ್ಲಿ ತನ್ನ ಕಣಜದ ಅಕ್ಕಿಯನ್ನೇ ಬೇಯಿಸಿ ಊರಿಗೆಲ್ಲ ಬಡಿಸಿ, ಅದನ್ನು ಹಿಡಿದು ಕುಣಿದವಳು ಮಾಹಾನ್. ಸೊನ್ಲೆಗೆ ಅದರ ಮೇಲೆ ಕಣ್ಣಿದ್ದದ್ದು ಊರಿಗೇ ಗೊತ್ತು. ಕಳ್ಳಿ ಎನಿಸಿಕೊಂಡರೆ ಜನ್ಮದಲ್ಲಿ ಅವಳು ಆ ಸೌಟು ಮುಟ್ಟುವಂತಿರಲಿಲ್ಲ.

ದ್ರೊಲೆ ಸೂಲಗಿತ್ತಿ. ಊರಲ್ಲಿ ಏನು ಕಳೆದರೂ ಹುಡುಕಿಕೊಡುತ್ತಿದ್ದವಳು ಅವಳೇ, ಅವಳ ಹಿಂದೆ ಚೀಲ ಹೊತ್ತು ಅಲೆಯುತ್ತಿದ್ದ ದಡ್ಡಿ ನಾನು. ಅವತ್ತು ಸೊನ್ಲೆಯ ಮನೆ, ಕೋಳಿಗೂಡು, ಆಮೇಲೆ ಊರಿನ ಮನೆಮನೆಯನ್ನೂ ಜಾಲಾಡಿದೆವು. ಬಿಸಿಲಿಗೆ ನೆತ್ತಿ ಸುಡುತ್ತಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು. ಮಾಹಾನಳ ಅಂಗಳದಲ್ಲಾದರೂ ತುತ್ತು ಸಿಕ್ಕೀತೆಂದು ಹೋದರೆ ಒನಕೆಗಳು ಗೋಡೆಗೊರಗಿದ್ದವು, ಒರಳಲ್ಲಿ ಜೇಡ ಬಲೆ ಕಟ್ಟಿತ್ತು. ನನ್ನ ಹಣೆಬರಹಕ್ಕಿಷ್ಟು ಬೆಂಕಿ ಬೀಳಲಿ ಎಂದು ಗೊಣಗಿದೆ. ದ್ರೊಲೆ ಒರಳನ್ನೇ ನೋಡುತ್ತ ನಿಂತಳು.

ಸಂಜೆ ಊರಿನವರನ್ನೆಲ್ಲ ಅವಳೇ ಸೇರಿಸಿದಳು. ಸೊನ್ಲೆ ಅಳುತ್ತ ಕೂತಿದ್ದಳು.

"ಒಂದು ಜಾಗ ಬಿಟ್ಟು ಎಲ್ಲ ಹುಡುಕಿದ್ವಿ," ಎಂದಳು ದ್ರೊಲೆ. "ಮಾಹಾನಳ ಕಣಜ."

ಜನ ಗುಜುಗುಜು ಅಂದರು. ಬಡಿಸುವವಳ ಕಣಜ ತೆರೆಯಿಸುವುದೆಂದರೆ ನಿನ್ನಲ್ಲಿ ಅಕ್ಕಿ ಇದೆಯಾ ಎಂದು ಮುಖಕ್ಕೇ ಕೇಳಿದ ಹಾಗೆ. ನಮ್ಮಲ್ಲಿ ಯಾರೂ ಅಂಥ ಮಾತಾಡುವುದಿಲ್ಲ.

"ಅದಕ್ಕೇ ಸೌಟನ್ನ ಅವಳೇ ಅಲ್ಲಿಟ್ಟಿದ್ದು," ಎಂದಳು ದ್ರೊಲೆ. "ಆ ಬಾಗಿಲಿಗೆ ಅವಳಲ್ಲದೆ ಇನ್ಯಾರು ಕೈ ಹಾಕ್ತಾರೆ? ಮೂರು ದಿನದಿಂದ ಅವಳ ಒನಕೆ ಸದ್ದು ಊರೆಲ್ಲ ಕೇಳ್ಬೇಕಿತ್ತು. ಒರಳಲ್ಲಿ ಜೇಡ ಕೂತಿದೆ, ಅಂದ್ರೆ ಕುಟ್ಟೋಕೆ ಭತ್ತ ಇಲ್ಲ. ಸೌಟು ಕಳೆದ್ರೆ ಹಬ್ಬ ನಿಲ್ಲುತ್ತೆ, ಬರಿಗೈ ಯಾರಿಗೂ ಕಾಣಲ್ಲ."

ಹೋದ ಮಳೆಗಾಲದಲ್ಲಿ ಊರಿನ ಮಕ್ಕಳೆಲ್ಲ ಉಂಡದ್ದು ಆ ಕಣಜದ್ದೇ ಅನ್ನ. ನಾನೂ ಉಂಡಿದ್ದೆ. ಒರಳು ನೋಡಿಯೂ ನನ್ನ ಹೊಟ್ಟೆಯ ಚಿಂತೆ ಮಾಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ಮಾಹಾನ್ ಎದ್ದು ಹೋಗಿ ಸೌಟು ತಂದು ಸೊನ್ಲೆಯ ಮಡಿಲಲ್ಲಿಟ್ಟಳು. "ನಿನ್ನ ಹೆಸರು ಕೆಡಿಸ್ದೆ ಕಣೇ. ಕೊಡೋಕೆ ನನ್ನ ಹತ್ರ ಉಳಿದಿರೋದು ಇದೊಂದೇ."

ನಾಲ್ಕು ದಿನ ಬಿಟ್ಟು, ಸೊನ್ಲೆಯ ಕಣಜದ ಅಕ್ಕಿಯಲ್ಲಿ ಹಬ್ಬ ನಡೆಯಿತು. ಸೊನ್ಲೆ ಮೊದಲ ಅನ್ನವನ್ನು ಮಾಹಾನಳಿಗೆ ಬಡಿಸಿದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಹಬ್ಬದೂಟಕ್ಕೆ ಕೂತವಳು, ಬಟ್ಟಲ ತಳ ಕಾಣುವವರೆಗೂ ತಲೆ ಎತ್ತಲಿಲ್ಲ.