ಕೆಂಧೂಳಿನ ಟ್ಯಾಂಕ್

ಯಲ್ಲೇಶ್ ನನ್ನ ಪುಸ್ತಕದಂಗಡಿಗೆ ಮೊದಲ ಸಲ ಬಂದದ್ದೇ ಜಗಳಕ್ಕೆ. ಫೋನಿನಲ್ಲಿ ಆರ್ಡರ್ ಮಾಡಿ ತರಿಸಿಕೊಂಡಿದ್ದ ಪುಸ್ತಕವನ್ನು ಕೌಂಟರಿನ ಮೇಲಿಟ್ಟು, ವಾಪಸ್ ತೆಗೆದುಕೊಳ್ಳಿ ಎಂದ. ಹಾಳೆ ಹರಿದಿದೆಯೇ ಎಂದು ಕೇಳಿದೆ. ಇಲ್ಲವಂತೆ.

"ಟ್ಯಾಂಕಿನ ಮುಂದ್ಲ ಫೋಟೋ ಅಷ್ಟ ಅದಾವ್ರಿ. ಹಿಂದ್ಲದು ಒಂದೂ ಇಲ್ಲ."

ಸೈನ್ಯದ ಟಿ-90 ಟ್ಯಾಂಕಿನ ಹಿಂಭಾಗ ನೋಡಿ ಈ ಮನುಷ್ಯನಿಗೆ ಏನಾಗಬೇಕು? ಗೂಢಚಾರನಿರಬಹುದೇ ಅನ್ನಿಸಿದ್ದು ಸುಳ್ಳಲ್ಲ. ನನ್ನ ಮುಖ ನೋಡಿ ಅವನಿಗೆ ನಗು ಬಂತು. ಮೊಬೈಲ್ ತೆಗೆದು ತೋರಿಸಿದ. ಅಂಗೈ ಮೇಲೆ ಕೂರುವಂಥ ಪ್ಲಾಸ್ಟಿಕ್ ಟ್ಯಾಂಕುಗಳು. ತುಂಡು ತುಂಡಾಗಿ ಅಂಟಿಸಿ, ಬಣ್ಣ ಹಚ್ಚಿ ತಾನೇ ಮಾಡಿದವು. ಕೆಲಸ ದೋಣಿಮಲೈ ಗಣಿಯಲ್ಲಿ, ಡಂಪರ್ ಮೆಕ್ಯಾನಿಕ್. ಶಿಫ್ಟ್ ಮುಗಿದ ಮೇಲೆ ಇದೇ ಅವನ ಲೋಕ.

ನಗುವಾಗ ಅವನು ಕೆಳಗೆ ನೋಡುತ್ತಿದ್ದ, ಕದ್ದು ಸಿಕ್ಕಿಬಿದ್ದವರ ಹಾಗೆ. ಆ ನಗುವಿಗೇ ನಾನು ಬಿದ್ದೆ. ಪುಸ್ತಕ ವಾಪಸ್ ತೆಗೆದುಕೊಂಡೆ, ಹಿಂಭಾಗವಿರುವ ಬೇರೆಯದನ್ನು ಹುಡುಕಿ ತರಿಸಿದೆ.

ಆಮೇಲೆ ಅವನ ವಾರದ ರಜೆಯೆಲ್ಲ ಹೊಸಪೇಟೆಯಲ್ಲೇ ಕಳೆಯತೊಡಗಿತು. ಬಸ್‌ಸ್ಟ್ಯಾಂಡ್ ಪಕ್ಕದ ನನ್ನ ಪುಟ್ಟ ಅಂಗಡಿಯಲ್ಲಿ, ಗೈಡು, ನೋಟ್ಸುಗಳ ನಡುವೆ, ಒಂದೇ ಪುಸ್ತಕದ ಮೇಲೆ ಇಬ್ಬರೂ ಬಗ್ಗಿರುತ್ತಿದ್ದೆವು. ಚೈನಿನ ಕೊಂಡಿ, ಬಾಗಿಲ ತಿರುಪು, ಬಣ್ಣ ಕಿತ್ತ ಮೂಲೆ, ಪ್ರತಿಯೊಂದಕ್ಕೂ ಅವನಿಗೆ ಫೋಟೋ ಬೇಕು. ಫೋಟೋ ಇಲ್ಲದ್ದನ್ನು ಊಹಿಸಿ ಮಾಡುವುದು ಅವನ ಪ್ರಕಾರ ಮೋಸ. ಅವನು ಪುಟ ನೋಡುತ್ತಿದ್ದ, ನಾನು ಅವನ ರೆಪ್ಪೆ ನೋಡುತ್ತಿದ್ದೆ. ತಲೆ ಎತ್ತಿದರೆ ನಾನು ಪುಟ ನೋಡುತ್ತಿದ್ದೆ, ಅವನು ನನ್ನನ್ನು.

"ಹೇಮಾವತಿಯವರ, ಪುಟ ತಿರುವಾಕ ಇಷ್ಟೊತ್ತ?" ಎಂದು ಕಾಡುತ್ತಿದ್ದ.

ಹಂಪಿ ಬಜಾರಿನ ಕಲ್ಲು ಮಂಟಪದಲ್ಲಿ ಕೂತು ಒಂದು ಸಂಜೆ ಮದುವೆಯ ಮಾತು ತೆಗೆದ. ನನಗೆ ಮೈಯೆಲ್ಲ ಜುಮ್ಮೆಂದಿತು. ಆದರೂ ಅಲ್ಲೇ ಹೇಳಿಬಿಟ್ಟೆ: ಅಂಗಡಿ ಬಿಡುವುದಿಲ್ಲ. ಕೈಯಾರೆ ಕಟ್ಟಿದ್ದು, ಮದುವೆಯಾದ ಮೇಲೆ ದಿನಾ ದೋಣಿಮಲೈಯಿಂದ ಬಸ್ಸಿನಲ್ಲಿ ಓಡಾಡಬೇಕಾದರೂ ಸರಿ. ಇದನ್ನು ಅವನ ತಾಯಿಗೆ ಮೊದಲೇ ತಿಳಿಸಬೇಕು. ತಿಳಿಸುತ್ತೇನೆ, ಅದರಲ್ಲೇನಿದೆ ಎಂದ. ನಾನು ನಂಬಿದೆ. ಟ್ಯಾಂಕಿನ ಹಿಂದಿನ ಬೋಲ್ಟಿಗೂ ಫೋಟೋ ಕೇಳುವವನು ನನ್ನ ಮಾತನ್ನು ಅರ್ಧಂಬರ್ಧ ಕೇಳಿಸಿಕೊಂಡಾನೆಯೇ?

ಮಾತುಕತೆಗೆ ದೋಣಿಮಲೈಯ ಅವರ ಕ್ವಾರ್ಟರ್ಸಿಗೆ ಹೋದಾಗ ನನ್ನ ಚಿಕ್ಕಮ್ಮ ಭೀಮವ್ವ ಜೊತೆಗಿದ್ದಳು. ಹುಡುಗಿ ತಾನೇ ಹುಡುಗನ ಮನೆಗೆ ಹೋಗುವುದು ಎಲ್ಲಿಯ ಪದ್ಧತಿ ಎಂದು ದಾರಿಯುದ್ದಕ್ಕೂ ಗೊಣಗಿದಳು. ಯಲ್ಲೇಶ್ ಬಾಳೆಹಣ್ಣು ತರಲು ಹೋಗಿದ್ದ. ತಾಯಿ ಜಂಬವ್ವ ಚಹಾಕ್ಕಿಡಲು ಒಳಗೆ ಹೋದರು.

ಕಿಟಕಿಯಲ್ಲಿ ಟ್ಯಾಂಕ್ ಇತ್ತು. ನಾನು ತರಿಸಿಕೊಟ್ಟ ಪುಸ್ತಕದ ಅದೇ ಟ್ಯಾಂಕ್, ಮೇಲೆಲ್ಲ ಅದಿರಿನ ಕೆಂಧೂಳು. ನಮ್ಮ ಕಡೆಯ ಹೆಂಗಸರಿಗೆ ಕೆಂಧೂಳು ಕಂಡರೆ ಕೈ ಸುಮ್ಮನಿರುವುದಿಲ್ಲ. ಲಾರಿಗಳು ಓಡಾಡುವ ಊರಲ್ಲಿ ಹುಟ್ಟಿದ ಮೇಲೆ ಒರೆಸುವುದು ಉಸಿರಾಡಿದಷ್ಟೇ ಸಹಜ. ಕರವಸ್ತ್ರ ಒದ್ದೆ ಮಾಡಿ ಒರೆಸಿಯೇಬಿಟ್ಟೆ, ಪ್ರೀತಿಯಿಂದ, ಸಂದು ಸಂದಿಗೂ ಬೆರಳು ಹಾಕಿ. ಪುಸ್ತಕದ ಫೋಟೋಗಳಲ್ಲಿದ್ದದ್ದು ಮರುಭೂಮಿಯ ಹಳದಿ ಧೂಳು. ಈ ಕೆಂಪು ಕಿಟಕಿಯಿಂದ ಬಂದದ್ದಲ್ಲ ಎಂದು ನನಗೆ ಹೇಗೆ ತಿಳಿಯಬೇಕು?

ಬಾಗಿಲಲ್ಲಿ ನಿಂತ ಯಲ್ಲೇಶ್‌ನ ಮುಖ ನೋಡಿದಾಗ ತಿಳಿಯಿತು. ಗಣಿಯ ಧೂಳನ್ನು ಬಟ್ಟೆಯಲ್ಲಿ ಸೋಸಿ, ಸಣ್ಣ ಬ್ರಷ್ಷಿನಲ್ಲಿ ವಾರಗಟ್ಟಲೆ ಕೂರಿಸಿದ್ದನಂತೆ. ಆ ಟ್ಯಾಂಕು ನಮ್ಮ ಸಂಡೂರಿನ ಗಣಿಗಳಿಗೆ ಬಂದಿದ್ದರೆ ಹೇಗೆ ಕಾಣುತ್ತಿತ್ತೋ ಹಾಗೆ. ನನಗೆ ತೋರಿಸಬೇಕೆಂದೇ ಕಿಟಕಿಯಲ್ಲಿ ಇಟ್ಟಿದ್ದ.

ನನ್ನ ಕಣ್ಣು ತುಂಬಿದ್ದು ನೋಡಿ ಅವನೇ ನಕ್ಕ. "ಇರ್ಲಿ ಬಿಡ್ರಿ. ಧೂಳಿಗೇನು ಬರ ಇಲ್ಲಿ?"

ಅವನನ್ನು ನಾನು ಅಷ್ಟು ಪ್ರೀತಿಸಿದ ಗಳಿಗೆ ಇನ್ನೊಂದಿಲ್ಲ.

ಚಹಾ ತಂದ ಜಂಬವ್ವ ನನ್ನ ಕೈಯಲ್ಲಿದ್ದ ಕೆಂಪು ಕರವಸ್ತ್ರ ನೋಡಿ ಅರಳಿಬಿಟ್ಟರು.

"ಕುಂತಲ್ಲಿ ಕುಂದ್ರಲ್ಲ ಹುಡುಗಿ. ಮನಿ ಚಲೋ ಇಟ್ಕೊಂತಾಳ. ಇನ್ನ ಆ ಅಂಗಡಿ ಯಾಕ? ಬಾಗಿಲ ಹಾಕಿದ್ರಾತು."

ಚಿಕ್ಕಮ್ಮ ತಲೆಯಾಡಿಸಿದಳು. ನಾನು ಯಲ್ಲೇಶ್‌ನ ಕಡೆ ನೋಡಿದೆ. ಅವನು ತಾಯಿಗೆ ಹೇಳಿರಲಿಲ್ಲ. ಒಂದು ಮಾತನ್ನೂ ಹೇಳಿರಲಿಲ್ಲ. ಈಗಲಾದರೂ ಬಾಯಿ ಬಿಡುತ್ತಾನೆಂದು ಕಾದೆ. ಅವನು ಬಾಳೆಹಣ್ಣನ್ನು ತಟ್ಟೆಯಲ್ಲಿ ಜೋಡಿಸುತ್ತಾ ಕೂತ, ಅಂಚಿಗೆ ಅಂಚು ಸರಿಯಾಗಿ.

ಅಂಗಡಿ ಬಿಡುವುದಿಲ್ಲ ಎಂದು ನಾನೇ ಹೇಳಬೇಕಾಯಿತು. ಜಂಬವ್ವ ಸಿಟ್ಟಾಗಲಿಲ್ಲ, ಮಗನ ಮುಖ ನೋಡಿದರು. ಅವನು ತಟ್ಟೆ ನೋಡಿದ. ನಾನು ಎದ್ದೆ.

ಇನ್ನೂ ಹೊರಡದೆ ನಿಂತಿದ್ದ ಬಸ್ಸಿನಲ್ಲಿ ಚಿಕ್ಕಮ್ಮ ನನ್ನೊಂದಿಗೆ ಮಾತು ಬಿಟ್ಟು ಮುಂದಿನ ಸೀಟಿಗೆ ಹೋದಳು. ಯಲ್ಲೇಶ್ ಓಡಿಬಂದು ಕಿಟಕಿಯ ಕೆಳಗೆ ನಿಂತ.

"ಅಂಗಡಿ ಬಿಡಬ್ಯಾಡ್ರಿ. ಅವ್ವಗ ನಾ ಹೇಳ್ತೀನಿ."

"ಯಾವಾಗ?"

"ಮದುವಿ ಆಗ್ಲಿ. ನಿಧಾನಕ್ಕ ಒಪ್ಪಸೋಣು."

"ಅಲ್ಲೇ ಕಾಣ್ತೈತಿ ನಿಮ್ಮ ಮನಿ. ಡ್ರೈವರ್ ಇನ್ನ ಊಟಕ್ಕ ಕುಂತಾನ. ಹೋಗಿ ಹೇಳಿ ಬರ್ರಿ, ನಾ ಇಳೀತೀನಿ."

ಅವನು ಮನೆಯ ಕಡೆ ನೋಡಿದ. ಆಮೇಲೆ ಕಿಟಕಿಯ ಸರಳಿನ ಮೇಲಿದ್ದ ನನ್ನ ಕೈ ಹಿಡಿದ. ಇಷ್ಟು ತಿಂಗಳಲ್ಲಿ ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಒರಟು ಅಂಗೈ, ಬೆಚ್ಚಗಿತ್ತು.

"ನೀ ಇಲ್ದ ನನಗ ಆಗಂಗಿಲ್ಲ, ಹೇಮಾ."

ಈ ಮಾತಿಗಾಗಿ ಎಷ್ಟು ಕಾದಿದ್ದೆ! ಅವನ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ. ಡ್ರೈವರ್ ಊಟ ಮುಗಿಸಿದ, ಕೈ ತೊಳೆದ, ಎಲೆ ಅಡಿಕೆ ಹಾಕಿಕೊಂಡು ನಿಧಾನಕ್ಕೆ ನಡೆದುಬಂದ. ಅಷ್ಟು ಹೊತ್ತೂ ಯಲ್ಲೇಶ್ ನನ್ನ ಕೈ ಹಿಡಿದುಕೊಂಡೇ ನಿಂತಿದ್ದ. ಬಸ್ಸು ಹೊರಟಾಗ ನಾನೇ ಬಿಡಿಸಿಕೊಂಡೆ.

ಅವನು ಆ ಕೈ ಬಿಟ್ಟು ಮನೆ ಕಡೆ ನಾಲ್ಕು ಹೆಜ್ಜೆ ಹಾಕಿದ್ದರೂ ಸಾಕಿತ್ತು, ನಾನು ಇಳಿದು ಹಿಂದೆಯೇ ಹೋಗುತ್ತಿದ್ದೆ.