ಕೊರಿಯಾಕ್ಕೆ ಹೊರಟ ಎಡಗೈಗಳು

"ಇನ್ನೊಂದು ಎಲ್ಲಿ?"

ಬಿಳಿ ಗಾಲ್ಫ್ ಗ್ಲೌಸೊಂದನ್ನು ಎತ್ತಿ ಹಿಡಿದು ಯುವರಾಜ ಕೇಳಿದ. ಬನಹಟ್ಟಿಯ ಹೊಲಿಗೆ ಶೆಡ್ಡಿನಲ್ಲಿ ಮಷಿನುಗಳೆಲ್ಲ ಒಮ್ಮೆಲೇ ನಿಂತವು.

ಪೂನಮ್ ತಲೆಯೆತ್ತಿದಳು. ಇಷ್ಟು ದಿನ ಫೋನಿನಲ್ಲಷ್ಟೇ ಕೇಳಿದ್ದ ದನಿ... ಮೈಸೂರಿನ ಕಂಪನಿ ಆಫೀಸಿನ ಆ ಮೆತ್ತನೆಯ ದನಿ ಇಷ್ಟು ಬಿರುಸಾಗಿಯೂ ಇರಬಲ್ಲದೇ?

"ಯಾವ ಇನ್ನೊಂದರಿ? ಗಾಲ್ಫ್ ಆಡೋರು ಎಡಗೈಗಷ್ಟ ಹಾಕ್ಕೋತಾರಲ್ಲರಿ."

"ಅದು ಅಮೆರಿಕಾದಲ್ಲಿ. ಕೊರಿಯಾದ ಹೆಂಗಸರು ಎರಡೂ ಕೈಗೆ ಹಾಕ್ಕೊಳ್ತಾರೆ. ಬ್ರ್ಯಾಂಡ್ ಒಂದೇ ಆದ್ರೂ ದೇಶಕ್ಕೊಂದು ರೀತಿ ಮಾರ್ತೀವಿ. ಜಪಾನಿನ ಮಾಲಿಗೆ ಸೆಂಟಿಮೀಟರ್ ಅಳತೆ ಹಾಕೋರು ನೀವೇ, ಇದು ಗೊತ್ತಾಗ್ಲಿಲ್ವಾ? ಪ್ಯಾಕಿಂಗಿಗೆ ಬೇರೆಯವರನ್ನು ಹಾಕಿ ಅಂತ ನಿಮ್ಮ ಮಾಲೀಕರಿಗೆ ಹೇಳಿದ್ದೀನಿ."

ಪ್ಯಾಕಿಂಗ್, ಪೂನಮ್ ಡಿಗ್ರಿ ಮುಗಿಸಿ ತಾನೇ ಗಳಿಸಿದ ಮೊದಲ ಜವಾಬ್ದಾರಿ... ಆದರೆ ತಪ್ಪು ತನ್ನದಲ್ಲ. ಅದು ಖಚಿತವಿತ್ತು. ಮೊಬೈಲನ್ನು ಅವನ ಮುಂದೆ ಹಿಡಿದಳು.

"ನೀವ ಬರದದ್ದು. ಓದ್ರಿ."

'ಅಮೆರಿಕಾ ಮಾಲು ಬಿಡಿ, ಕೊರಿಯಾ ಜೋಡಿ.'

"ಸರಿಯಾಗೇ ಇದೆ. ಅಮೆರಿಕಾಕ್ಕೆ ಬಿಡಿಬಿಡಿಯಾಗಿ, ಕೊರಿಯಾಕ್ಕೆ ಎರಡೆರಡು."

ಹಿರಿಯ ಹೊಲಿಗೆಯವಳಾದ ಗುರುಬಸವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಯಪ್ಪಾ, ನಮ್ಮ ಕಡೆ ಜೋಡಿ ಅಂದ್ರ ಸಂಗಾಟ, ಜೊತಿಗೆ. ಅಮೆರಿಕಾದ್ದು ಕಳಿಸಿಬಿಡ್ರಿ, ಕೊರಿಯಾದ್ದರ ಜೋಡಿ ಅಂತ ತಿಳಕೊಂಡಾಳ. ಅಕ್ಕನ ಜೋಡಿ ತಂಗೀನೂ ಗಾಡಿ ಹತ್ತಿಸಿದಂಗ. ಈ ಹುಡುಗಿ ಎರಡೂ ಒಂದ ನಮೂನಿ ಕಟ್ಯಾಳ."

ಯುವರಾಜ ಮತ್ತೊಮ್ಮೆ ಓದಿದ. ಅವನ ಕಿವಿ ಕೆಂಪಾಯಿತು. ಅಲ್ಲೇ, ಎಲ್ಲರೆದುರು, ಮಾಲೀಕರಿಗೆ ಫೋನ್ ಹಚ್ಚಿದ.

"ಪ್ಯಾಕಿಂಗ್ ಪೂನಮ್ ಅವರೇ ನೋಡ್ಕೊಳ್ಳಲಿ ಸರ್. ತಪ್ಪು ನನ್ನದು."

ಪೂನಮ್ ಕಣ್ಣು ತಗ್ಗಿಸಿದಳು. ದನಿ ಮಾತ್ರ ನಡುಗಲಿಲ್ಲ.

"ಸೋಮವಾರದ ಗಾಡಿಗೆ ಬಲಗೈ ಹೊಲದ ಕೊಡ್ತೀವ್ರಿ. ನೀವು ಊರಿಗೆ ಹೋಗ್ರಿ."

ಅವನು ಹೋಗಲಿಲ್ಲ. ಹೆಂಗಸರ ನಡುವೆ ಕೂತು ಎಡಗೈಗೆ ಬಲಗೈ ಜೋಡಿಸುತ್ತಾ ಅವರ ಚೇಷ್ಟೆಗೆಲ್ಲ ತಲೆಕೊಟ್ಟ.

ಸೋಮವಾರ ಗಾಡಿ ಹೊರಟ ಮೇಲೂ ಬಾಗಿಲಲ್ಲೇ ನಿಂತಿದ್ದ.

"ಪೂನಮ್... ಮಾಲಿನ ಮಾತು ಮುಗಿದ ಮೇಲೂ ಫೋನಿಡದೆ ಏನೇನೋ ಕೇಳ್ತಿದ್ದೆನಲ್ಲ. ನಿಮ್ಮ ದನಿ ಕೇಳೋಕೆ."

"ಗೊತ್ತೈತ್ರಿ."

"ಗೊತ್ತಿತ್ತಾ?"

"ನಾನೂ ಗೊತ್ತಿದ್ದದ್ದನ್ನ ಮತ್ತ ಮತ್ತ ಕೇಳ್ತಿದ್ನಲ್ಲರಿ." ಅವಳು ಮೊದಲ ಬಾರಿ ಅವನನ್ನು ನೇರವಾಗಿ ನೋಡಿದಳು. "ಆದ್ರ ಎಲ್ಲಾರ ಮುಂದ ತಪ್ಪು ನನ್ನದು ಅಂದ್ರಿ ನೋಡ್ರಿ, ಅವಾಗ ಖರೇನ ಮನಸು ಗಟ್ಟಿ ಆತು."

"ಹಾಗಾದ್ರೆ... ಈಗ ನಾನೇನು ಮಾಡ್ಲಿ?"

"ಮನಿಗೆ ಬಂದು ಅಪ್ಪನ್ನ ಕೇಳ್ರಿ." ಅವಳ ತುಟಿಯಂಚಿನಲ್ಲಿ ನಗು ಮೂಡಿತು. "ಬರದ ಮಾತ್ರ ಕಳಸಬ್ಯಾಡ್ರಿ. ಬಾಯಿಲೆ ಹೇಳ್ರಿ."